ರಾತ್ರಿ ಹತ್ತರ ಫೋನಿಗೆ ಬೆಲೆ ಎಷ್ಟು?

ಹೆಂಗಸರಿಗೆ ಸಂಬಳ ಚೌಕಾಸಿ ಮಾಡಲು ಬರುವುದಿಲ್ಲ, ಅದಕ್ಕೇ ಕಡಿಮೆ ಸಿಗುತ್ತದೆ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಎಂಬಿಎ ಮಾಡಿದವರ ಲೆಕ್ಕ ನೋಡಿ. ಕೆಲಸಕ್ಕೆ ಸೇರುವಾಗ ಗಂಡು ಹೆಣ್ಣಿನ ಸಂಬಳ ಹೆಚ್ಚುಕಡಿಮೆ ಒಂದೇ. ವರ್ಷ ಕಳೆದಂತೆ, ಅದರಲ್ಲೂ ಮಗು ಹುಟ್ಟಿದ ಮೇಲೆ, ಅಂತರ ಬೆಳೆಯುತ್ತದೆ. ಚೌಕಾಸಿಯೇ ಕಾರಣವಾಗಿದ್ದರೆ ಮೊದಲ ತಿಂಗಳೇ ಕಾಣಬೇಕಿತ್ತು, ಅಲ್ವಾ?

ಆ ಲೆಕ್ಕ ಹಾಕಿದವರಲ್ಲಿ ಹಾರ್ವರ್ಡ್‌ನ ಕ್ಲಾಡಿಯಾ ಗೋಲ್ಡಿನ್ ಒಬ್ಬರು. 2023ರ ಅರ್ಥಶಾಸ್ತ್ರದ ನೊಬೆಲ್ ಅವರೊಬ್ಬರಿಗೇ ಬಂತು. ಗಂಟೆಗಳಿಗೆ ಬೆಲೆ ಹೇಗೆ ಕಟ್ಟುತ್ತಾರೆ ನೋಡಿ ಎನ್ನುತ್ತಾರೆ ಅವರು. ದೊಡ್ಡ ವಕೀಲಿ ಸಂಸ್ಥೆಯಲ್ಲಿ ವಾರಕ್ಕೆ 60 ಗಂಟೆ ದುಡಿದರೆ 30 ಗಂಟೆಯವರ ಎರಡು ಪಟ್ಟಲ್ಲ, ಅದಕ್ಕಿಂತ ಜಾಸ್ತಿ ಸಿಗುತ್ತದೆ. ಕಕ್ಷಿದಾರ ರಾತ್ರಿ ಹತ್ತಕ್ಕೆ ಫೋನ್ ಮಾಡಿದರೂ ಅದೇ ವಕೀಲರು ಎತ್ತಬೇಕು. ಆ ದುಡ್ಡು ಅದಕ್ಕೇ. ಈಗ ಗಂಡ ಹೆಂಡತಿ ಇಬ್ಬರೂ ವಕೀಲರು, ಮಗುವಿಗೆ ಜ್ವರ ಎಂದುಕೊಳ್ಳಿ. ಇಬ್ಬರೂ ಕೆಲಸ ಹಗುರ ಮಾಡಿಕೊಂಡರೆ ಮನೆಯ ಆದಾಯ ಕುಸಿಯುತ್ತದೆ. ಒಬ್ಬರು ಆಫೀಸಿಗೆ, ಒಬ್ಬರು ಮಗುವಿಗೆ ಎಂದರೆ ಲಾಭ. ಮಗುವಿಗೆ ಯಾರು ಎಂದು ರೂಢಿಯೇ ತೀರ್ಮಾನಿಸಿಬಿಡುತ್ತದೆ. ಭಾರತದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ಕೊಡುವ ಹೊತ್ತು ದಿನಕ್ಕೆ 299 ನಿಮಿಷ, ಗಂಡಸರು 97.

ನನಗೆ ತುಂಬ ಇಷ್ಟವಾಗಿದ್ದು ಔಷಧಿ ಅಂಗಡಿಯ ಕಥೆ. ಹಿಂದೆ ಅಮೆರಿಕದ ಫಾರ್ಮಸಿಯಲ್ಲಿ ಮಾಲೀಕನೇ ಬೆಳಗಿನಿಂದ ರಾತ್ರಿವರೆಗೆ ಇರುತ್ತಿದ್ದ. ಯಾರಿಗೆ ಯಾವ ಕಾಯಿಲೆ, ಯಾವ ಔಷಧಿ ಒಗ್ಗುವುದಿಲ್ಲ, ಎಲ್ಲ ಅವನ ತಲೆಯಲ್ಲಿ. ಈ ಕೆಲಸದಲ್ಲಿ ಹೆಂಗಸರು ಬಹಳ ಕಡಿಮೆ. ಆಮೇಲೆ ಚೈನ್ ಸ್ಟೋರುಗಳು ಬಂದವು. ಔಷಧಿಯನ್ನು ಅಂಗಡಿಯಲ್ಲಿ ಅರೆದು ಬೆರೆಸುವುದು ಹೋಗಿ, ಮಾತ್ರೆ ಕಾರ್ಖಾನೆಯಿಂದಲೇ ಸಿದ್ಧವಾಗಿ ಬರತೊಡಗಿತು. ಗಿರಾಕಿಯ ವಿವರ ಕಂಪ್ಯೂಟರಿಗೆ ಸೇರಿತು. ಮಧ್ಯಾಹ್ನ ಎರಡಕ್ಕೆ ಒಬ್ಬರು ಬಿಳಿ ಕೋಟು ತೆಗೆದಿಟ್ಟು ಹೊರಟರೆ, ಇನ್ನೊಬ್ಬರು ಅದೇ ಪರದೆ ನೋಡಿ ಅದೇ ಚೀಟಿಗೆ ಔಷಧಿ ಕೊಡುತ್ತಾರೆ. ಅರ್ಧ ಹೊತ್ತು ದುಡಿದರೆ ಹೆಚ್ಚುಕಡಿಮೆ ಅರ್ಧ ಸಂಬಳ, ಅದಕ್ಕಿಂತ ಕಡಿಮೆಯಲ್ಲ. ಈಗ ಅಲ್ಲಿನ ಫಾರ್ಮಸಿಸ್ಟರಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಂಗಸರು. ಸಂಬಳ ಚೆನ್ನಾಗಿಯೇ ಇದೆ, ಅಂತರ ಸಣ್ಣದು. ಹೆಂಗಸರು ತುಂಬಿಕೊಂಡ ಕೆಲಸಕ್ಕೆ ಬೆಲೆ ಬೀಳುತ್ತದೆ ಎಂದು ಸುಮ್ನೆ ಹೇಳುವವರು ಇದನ್ನೊಮ್ಮೆ ನೋಡಬೇಕು.

ಇದನ್ನೆಲ್ಲ ಯಾರೂ ಹೆಂಗಸರ ಉದ್ಧಾರಕ್ಕೆಂದು ಮಾಡಲಿಲ್ಲ, ವ್ಯಾಪಾರಕ್ಕೆಂದು ಮಾಡಿದರು. ಪಶುವೈದ್ಯರಲ್ಲೂ ಹೀಗೇ ಆಯಿತು. ರಾತ್ರಿಯ ತುರ್ತು ಕೇಸುಗಳಿಗೆ ಬೇರೆ ಆಸ್ಪತ್ರೆಗಳು ಬಂದ ಮೇಲೆ ಹಗಲಿನ ವೈದ್ಯರು ರಾತ್ರಿ ಎದ್ದು ಓಡುವುದು ಕಡಿಮೆಯಾಯಿತು. ಒಂದು ಕೇಸಿಗೆ ಇಬ್ಬರನ್ನು ತಯಾರು ಮಾಡಿದರೆ ಎಷ್ಟು ಖರ್ಚಾದೀತು ಎಂದು ವಕೀಲಿ ಸಂಸ್ಥೆಗಳೂ ಲೆಕ್ಕ ಹಾಕಿ ನೋಡಲಿ.