ಬಾಬಿ ಬೊನೀಯಾಗೆ ಇನ್ನೂ ದುಡ್ಡು ಬರ್ತಿರೋದು ಯಾಕೆ?

ಪ್ರಶ್ನೆ: ಬೇಸ್‌ಬಾಲ್ ಆಟಗಾರ ಬಾಬಿ ಬೊನೀಯಾ 2001ರಲ್ಲೇ ಆಟ ಬಿಟ್ಟರು. ಆದರೂ ನ್ಯೂಯಾರ್ಕ್ ಮೆಟ್ಸ್ ತಂಡ ಅವರಿಗೆ ಈಗಲೂ ಸಂಬಳ ಕೊಡುತ್ತಿದೆಯಂತೆ. ನಿಜವಾ?

ದುಡ್ಡು ಕೊಡುತ್ತಿರುವುದು ನಿಜ. ಪ್ರತಿ ವರ್ಷ ಜುಲೈ 1ಕ್ಕೆ 11,93,248 ಡಾಲರ್ 20 ಸೆಂಟ್. 2011ರಲ್ಲಿ ಶುರುವಾಗಿದೆ, 2035ರವರೆಗೆ ನಡೆಯುತ್ತದೆ. ಆಗ ಅವರಿಗೆ 72 ವರ್ಷ. ಅಮೆರಿಕದ ಅಭಿಮಾನಿಗಳು ಆ ದಿನವನ್ನು ತಮಾಷೆಗೆ ‘ಬಾಬಿ ಬೊನೀಯಾ ದಿನ’ ಅಂತಲೇ ಕರೆಯುತ್ತಾರೆ. ಆದರೆ ಇದು ಸಂಬಳ ಅಲ್ಲ, ಹಳೇ ಬಾಕಿ.

ಬೊನೀಯಾ ಸಾಮಾನ್ಯ ಆಟಗಾರ ಏನಲ್ಲ. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದಲ್ಲಿ ಹೆಸರಾಂತ ಬ್ಯಾಟರ್ ಬ್ಯಾರಿ ಬಾಂಡ್ಸ್ ಜೊತೆ ಆಡಿ ಹೆಸರು ಮಾಡಿದವರು. 1991ರ ಕೊನೆಗೆ ಮೆಟ್ಸ್ ಅವರನ್ನು ಐದು ವರ್ಷಕ್ಕೆ 2.9 ಕೋಟಿ ಡಾಲರ್ ಕೊಟ್ಟು ಕರೆಸಿಕೊಂಡಿತು. 1997ರಲ್ಲಿ ಫ್ಲೋರಿಡಾ ಮಾರ್ಲಿನ್ಸ್ ಪರ ವರ್ಲ್ಡ್ ಸೀರೀಸ್ (ಅಮೆರಿಕದ ಬೇಸ್‌ಬಾಲ್‌ನ ಫೈನಲ್) ಕೂಡ ಗೆದ್ದರು. 1999ರಲ್ಲಿ ಮತ್ತೆ ಮೆಟ್ಸ್‌ಗೆ ಬಂದಾಗ ಆಟ ಕೈ ಕೊಟ್ಟಿತ್ತು: ಬ್ಯಾಟಿಂಗ್ ಸರಾಸರಿ ಬರೀ .160, ಅಂದರೆ ನೂರು ಯತ್ನಕ್ಕೆ 16 ಹಿಟ್.

ಅವರನ್ನು ಕೈಬಿಡಲು ತಂಡ ನಿರ್ಧರಿಸಿತು. ಆದರೆ ಮೇಜರ್ ಲೀಗ್‌ನಲ್ಲಿ (ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಲೀಗ್) ಆಟಗಾರನನ್ನು ಸುಮ್ನೆ ಮನೆಗೆ ಕಳಿಸಲು ಆಗಲ್ಲ. ಒಪ್ಪಂದದ ಪೂರ್ತಿ ದುಡ್ಡು ಕೊಡಲೇಬೇಕು. 2000ದ ಸೀಸನ್‌ಗೆ ಇದ್ದ ಬಾಕಿ 59 ಲಕ್ಷ ಡಾಲರ್. ಹಿಂದೆ ವಿಮೆ ಮಾರುತ್ತಿದ್ದ ಅವರ ಏಜೆಂಟ್ ಡೆನಿಸ್ ಗಿಲ್ಬರ್ಟ್‌ಗೆ ಇಂಥ ಲೆಕ್ಕ ಕರಗತ. ‘ಈಗ ಒಂದು ಡಾಲರೂ ಬೇಡ, 2011ರಿಂದ 25 ಕಂತು ಕೊಡಿ, ಬಡ್ಡಿ ಶೇ. 8’ ಎಂಬ ಒಪ್ಪಂದ ಆಯ್ತು.

ನಮ್ಮ ಬ್ಯಾಂಕಿನ ಎಫ್‌ಡಿ ಥರಾನೇ ಇದು. 59 ಲಕ್ಷಕ್ಕೆ ವರ್ಷಕ್ಕೆ ಶೇ. 8ರಂತೆ ಚಕ್ರಬಡ್ಡಿ ಹಾಕಿ ನೋಡಿ. 11 ವರ್ಷಕ್ಕೆ ಸುಮಾರು 1.37 ಕೋಟಿ ಆಗುತ್ತದೆ. ಅದನ್ನು 25 ಕಂತು ಮಾಡಿ, ಉಳಿದ ಮೊತ್ತಕ್ಕೆ ಬಡ್ಡಿ ಸೇರಿಸುತ್ತಾ ಹೋದರೆ ಕಂತಿಗೆ ಸುಮಾರು 11.9 ಲಕ್ಷ. ಒಟ್ಟು 2.98 ಕೋಟಿ ಡಾಲರ್.

ಹಾಗಾದ್ರೆ ಮೆಟ್ಸ್‌ನವರು ದಡ್ಡರಾ? ಎಲ್ಲರೂ ನಗುವಷ್ಟು ದಡ್ಡರಲ್ಲ ಅಂತ ನನಗನ್ನಿಸುತ್ತದೆ. 2000ದಲ್ಲಿ ಅಮೆರಿಕದ ಬ್ಯಾಂಕುಗಳ ಪ್ರೈಮ್ ದರವೇ (ನಂಬಿಕಸ್ಥ ಗ್ರಾಹಕರಿಗೆ ಕೊಡುವ ಸಾಲದ ಬಡ್ಡಿ) ಶೇ. 9 ದಾಟಿತ್ತು. ಆ ವರ್ಷ ಉಳಿದ ದುಡ್ಡು ತಂಡದ ಬೇರೆ ಖರ್ಚಿಗೆ ಆಯ್ತು, ಮೆಟ್ಸ್ ವರ್ಲ್ಡ್ ಸೀರೀಸ್‌ವರೆಗೂ ಹೋಯಿತು. (ಯಾಂಕೀಸ್ ಎದುರು ಸೋತಿತು, ಅದು ಬೇರೆ ಮಾತು.) ಎಡವಿದ್ದು ಇನ್ನೊಂದು ಕಡೆ. ಆಗಿನ ಮಾಲೀಕ ಫ್ರೆಡ್ ವಿಲ್‌ಪಾನ್, ಜನರ ದುಡ್ಡು ಹೂಡಿಕೆ ಮಾಡಿಕೊಡುತ್ತಿದ್ದ ಬರ್ನಿ ಮೇಡಾಫ್ ಹತ್ತಿರ ದುಡ್ಡು ಹೂಡಿದ್ದರು. ಅಲ್ಲಿ ಶೇ. 8ಕ್ಕಿಂತ ಜಾಸ್ತಿ ಬರುತ್ತದೆ ಎಂಬ ಲೆಕ್ಕಾಚಾರ. 2008ರ ಡಿಸೆಂಬರ್‌ನಲ್ಲಿ ಮೇಡಾಫ್‌ನ ವ್ಯವಹಾರವೇ ಮೋಸ ಅಂತ ಬಯಲಾಯಿತು. ಮೊದಲ ಕಂತಿಗೆ ಇನ್ನೂ ಎರಡೂವರೆ ವರ್ಷ ಬಾಕಿ ಇತ್ತು.

ಬೊನೀಯಾ ಆಟ ಬಿಟ್ಟ ಮೇಲೆ ಆಟಗಾರರ ಸಂಘದಲ್ಲಿ ಕೆಲಸ ಮಾಡಿದರು. ಹೀಗೆ ಸಂಬಳ ಮುಂದೂಡುವುದು ಇವತ್ತಿಗೂ ಇದೆ. ಡಾಡ್ಜರ್ಸ್ ತಂಡದ ಶೋಹೆ ಒಹ್ತಾನಿ ತಮ್ಮ 70 ಕೋಟಿ ಡಾಲರ್ ಒಪ್ಪಂದದಲ್ಲಿ 68 ಕೋಟಿಯನ್ನು 2034ರಿಂದ ಪಡೆಯಲು ಮುಂದೂಡಿದ್ದಾರೆ. ಅದಕ್ಕೆ ಬಡ್ಡಿ ಮಾತ್ರ ಇಲ್ಲ.