ಖಾಲಿ ಟ್ಯಾಂಕಿನೊಳಗೆ ಏನಿರುತ್ತದೆ?

ಪೈಪರ್ ಜೆ-3 ಕಬ್ ಎಂಬ ಹಳೇ ಪುಟ್ಟ ವಿಮಾನದಲ್ಲಿ ಪೆಟ್ರೋಲ್ ಎಷ್ಟಿದೆ ಎಂದು ತೋರಿಸುವುದು ಒಂದು ತಂತಿ. ಅದರ ಕೆಳತುದಿಗೆ ಬೆಂಡಿನ ತುಂಡು ಸಿಕ್ಕಿಸಿರುತ್ತದೆ. ಮೇಲ್ತುದಿ ಟ್ಯಾಂಕಿನ ಮುಚ್ಚಳ ತೂರಿಕೊಂಡು ಪೈಲಟ್‌ನ ಕಣ್ಣೆದುರು ನಿಂತಿರುತ್ತದೆ. ಪೆಟ್ರೋಲ್ ಇಳಿದಂತೆ ಬೆಂಡು ಇಳಿಯುತ್ತದೆ, ತಂತಿ ಗಿಡ್ಡವಾಗುತ್ತದೆ. ಅಷ್ಟೇ. ಪಂಪ್ ಕೂಡ ಇಲ್ಲ. ಎತ್ತರದಲ್ಲಿ ಕೂತ ಟ್ಯಾಂಕಿನಿಂದ ಪೆಟ್ರೋಲ್ ತಾನಾಗಿ ಎಂಜಿನ್‌ಗೆ ಇಳಿದು ಬರುತ್ತದೆ. ಒಂದರ ಮೇಲೊಂದು ರೆಕ್ಕೆಯಿರುವ ಹಳೇ ವಿಮಾನ ಟೈಗರ್ ಮಾತ್‌ನಲ್ಲೂ ಇದೇ ಉಪಾಯ. ಅಲ್ಲಿ ಟ್ಯಾಂಕ್ ಇರುವುದು ಮೇಲಿನ ರೆಕ್ಕೆಯ ನಡುಭಾಗದಲ್ಲಿ.

ಇಷ್ಟು ಸರಳವಾದ ಟ್ಯಾಂಕನ್ನು ರಿಪೇರಿಗೆಂದು ಬಿಚ್ಚಿ ಹೊರತೆಗೆಯುವುದು ಸುಲಭ ಅನ್ನಿಸುತ್ತದೆ, ಅಲ್ವಾ? ಕಬ್‌ನ ಟ್ಯಾಂಕ್ ಹಿಡಿಸುವುದು 12 ಅಮೆರಿಕನ್ ಗ್ಯಾಲನ್, ಅಂದರೆ ಸುಮಾರು 45 ಲೀಟರ್. ಪೆಟ್ರೋಲ್ ಬಸಿದ ಮೇಲೆ ಒಬ್ಬರೇ ಎತ್ತಬಹುದು. ಆದರೆ ಭಯ ಪಡಬೇಕಾದ್ದೂ ಬಸಿದ ಮೇಲೆಯೇ.

ಪೆಟ್ರೋಲ್‌ನಲ್ಲಿ ಹೊತ್ತಿಕೊಳ್ಳುವುದು ದ್ರವವಲ್ಲ, ಆವಿ. ಅದೂ ಗಾಳಿಯಲ್ಲಿ ಆವಿಯ ಪಾಲು ಸುಮಾರು ಶೇ 1.4ರಿಂದ 7.6ರ ನಡುವೆ ಇದ್ದಾಗ ಮಾತ್ರ. ಟ್ಯಾಂಕಿನಲ್ಲಿ ಪೆಟ್ರೋಲ್ ಇರುವಾಗ ಅದರ ಮೇಲಿನ ಜಾಗದಲ್ಲಿ ಆವಿ ಸಾಮಾನ್ಯವಾಗಿ ಇದಕ್ಕಿಂತ ಎಷ್ಟೋ ಜಾಸ್ತಿ. ಉರಿಯಲು ಗಾಳಿಯೇ ಸಾಲದು. ಬಸಿದಾಗ ಗಾಳಿ ಒಳಗೆ ನುಗ್ಗುತ್ತದೆ, ಆವಿ ತೆಳುವಾಗುತ್ತದೆ, ಮಿಶ್ರಣ ಆ ಎರಡು ಅಂಕಿಗಳ ನಡುವೆ ಬಂದು ಕೂರುತ್ತದೆ. ಇದಕ್ಕೆ ಎಷ್ಟು ಪೆಟ್ರೋಲ್ ಉಳಿದಿರಬೇಕು? ಲೆಕ್ಕ ಹಾಕಿ ನೋಡಿದೆ. 45 ಲೀಟರ್ ಜಾಗಕ್ಕೆ ಸುಮಾರು 4 ಮಿಲಿಲೀಟರ್ ಸಾಕು. ಒಂದು ಟೀ ಚಮಚವೂ ಪೂರ್ತಿ ಬೇಡ! ತಗಡಿನ ಮಡಿಕೆಗಳಲ್ಲಿ ಅಷ್ಟು ಉಳಿದೇ ಉಳಿಯುತ್ತದೆ.

'ಖಾಲಿ' ಎಂಬ ಮಾತೇ ಮೋಸ ಮಾಡುತ್ತದೆ. ಭಾಷಾಶಾಸ್ತ್ರಜ್ಞ ಬೆಂಜಮಿನ್ ಲೀ ವೋರ್ಫ್ ಹೊಟ್ಟೆಪಾಡಿಗೆ ಅಗ್ನಿವಿಮೆ ಕಂಪನಿಯಲ್ಲಿ ಕೆಲಸಕ್ಕಿದ್ದರು. ತುಂಬಿದ ಪೆಟ್ರೋಲ್ ಡ್ರಮ್‌ಗಳ ಹತ್ತಿರ ಹುಷಾರಾಗಿರುವ ಜನ 'ಖಾಲಿ' ಡ್ರಮ್‌ಗಳ ಹತ್ತಿರ ಸಿಗರೇಟ್ ಸೇದುತ್ತಾರೆ ಎಂದು ಅವರು ಗಮನಿಸಿದ್ದರು.

ಹಾಗಾಗಿ ಬಸಿಯುವ ಕೆಲಸ ಬಯಲಲ್ಲೇ ಆಗಬೇಕು. ಪೆಟ್ರೋಲ್ ಆವಿ ಗಾಳಿಗಿಂತ 3–4 ಪಟ್ಟು ಭಾರ. ಶೆಡ್ಡಿನೊಳಗಾದರೆ ನೆಲದ ಮೇಲೆ ನೀರಿನಂತೆ ಹರಡಿ, ಎಲ್ಲೋ ದೂರದ ಸ್ವಿಚ್ಚಿನ ಕಿಡಿಯನ್ನು ಮುಟ್ಟಬಹುದು. ಪೈಪಿನಲ್ಲಿ ಹರಿಯುವ ಪೆಟ್ರೋಲ್ ತಾನೇ ಸ್ಥಿರ ವಿದ್ಯುತ್ ಹುಟ್ಟಿಸುತ್ತದೆ. ಅದರಿಂದ ಕಿಡಿ ಹಾರದಿರಲಿ ಎಂದೇ ವಿಮಾನಕ್ಕೂ ಪೆಟ್ರೋಲ್ ಬಸಿಯುವ ಡ್ರಮ್ಮಿಗೂ ಮೊದಲೇ ತಂತಿ ಹಾಕಿ ಜೋಡಿಸುತ್ತಾರೆ.

ಪೈಪ್ ಬಿಚ್ಚುವುದು, ಅದರ ಬಾಯಿ ಮುಚ್ಚುವುದು, ಒಂದೊಂದು ತುಂಡಿಗೂ ಚೀಟಿ ಕಟ್ಟುವುದು ಬರೀ ತಾಳ್ಮೆಯ ಕೆಲಸ. ಟ್ಯಾಂಕನ್ನು ಬಿಗಿದ ಲೋಹದ ಪಟ್ಟಿಗಳನ್ನು ತೆಗೆದಾಗ ನೋಡಬೇಕು. ಪಟ್ಟಿ ತಗಡಿಗೆ ಉಜ್ಜದಿರಲಿ ಎಂದು ನಡುವೆ ಫೆಲ್ಟ್ ಎಂಬ ದಪ್ಪ ಮೆತ್ತನೆ ಬಟ್ಟೆ ಇಟ್ಟಿರುತ್ತಾರೆ. ಎಷ್ಟೋ ಸಲ ಅದೇ ಫೆಲ್ಟ್ ವರ್ಷಗಟ್ಟಲೆ ತೇವ ಹಿಡಿದಿಟ್ಟುಕೊಂಡು, ತಾನು ಕಾಯಬೇಕಿದ್ದ ತಗಡನ್ನೇ ತಿಂದಿರುತ್ತದೆ. ಸೋರಿಕೆ ಹುಡುಕಲು ಬಣ್ಣ ನೆರವಾಗುತ್ತದೆ. 100ಎಲ್ಎಲ್ ಎಂಬ ವಿಮಾನದ ಪೆಟ್ರೋಲಿಗೆ ನೀಲಿ ಬಣ್ಣ ಬೆರೆಸಿರುತ್ತಾರೆ. ಪೆಟ್ರೋಲ್ ಆರಿಹೋದರೂ ನೀಲಿ ಕಲೆ ಉಳಿಯುತ್ತದೆ. ಒಳಗಡೆ ತುಕ್ಕು ಜಾಸ್ತಿ ಇರುವುದು ತಳದಲ್ಲಿ. ನೀರು ಪೆಟ್ರೋಲ್‌ಗಿಂತ ಭಾರವಲ್ಲವೇ, ಅದು ಅಲ್ಲೇ ಹೋಗಿ ನಿಲ್ಲುತ್ತದೆ.

ತೂತಿಗೆ ಬೆಸುಗೆ ಹಾಕುವ ಮುಂಚೆ ಬಿಸಿನೀರು, ಹಬೆ ಹಾಯಿಸಿ ಆವಿಯನ್ನು ಪೂರ್ತಿ ಹೊರಹಾಕಬೇಕು. ಸುಮ್ನೆ ಒಂದು ಸಲ ತೊಳೆದರೆ ಸಾಲದು. ಆಮೇಲೆ ಗಾಳಿ ತುಂಬಿ, ಸೋಪು ನೀರು ಹಚ್ಚಿ, ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತಾರೆ. ಒತ್ತಡ ಚದರ ಇಂಚಿಗೆ 3.5 ಪೌಂಡ್. ಕಾರಿನ ಟೈರಿನಲ್ಲಿ ಇದರ ಎಂಟೊಂಬತ್ತು ಪಟ್ಟು ಇರುತ್ತದೆ. ಇದೇನು ಮಹಾ ಎನ್ನಬೇಡಿ. 30 ಸೆಂಟಿಮೀಟರ್ ಅಗಲ, 60 ಸೆಂಟಿಮೀಟರ್ ಉದ್ದದ ತಗಡಿನ ಮೇಲೆ ಇದು 400 ಕಿಲೋಗೂ ಜಾಸ್ತಿ ಭಾರ ಹೇರಿದಂತೆ. ಗೇಜ್ ನೋಡದೆ ಗಾಳಿ ಬಿಟ್ಟರೆ ಟ್ಯಾಂಕ್ ಬಲೂನಿನಂತೆ ಉಬ್ಬಿಹೋಗುತ್ತದೆ.

ಟ್ಯಾಂಕ್ ಹೊರಗಿರುವಾಗಲೇ ಆ ಬೆಂಡನ್ನೂ ನೋಡಿಬಿಡಬೇಕು. ಹಳೇ ಬೆಂಡುಗಳಿಗೆ ಅರಗಿನ ಲೇಪ ಹಚ್ಚಿರುವುದುಂಟು. ಎಥನಾಲ್ ಬೆರೆಸಿದ ಪೆಟ್ರೋಲ್ ಹಾಕಿದರೆ ಆ ಲೇಪ ಕರಗುತ್ತದೆ, ಬೆಂಡು ಪೆಟ್ರೋಲ್ ಹೀರಿ ಮುಳುಗುತ್ತದೆ. ಆಗ ತುಂಬಿದ ಟ್ಯಾಂಕನ್ನೂ ತಂತಿ ಖಾಲಿ ಎಂದೇ ತೋರಿಸುತ್ತದೆ.