ಹೊಸ್ತಿಲ ಹತ್ತಿರ ಬಂದರೆ ಕಾಲು ಯಾಕೆ ನಿಂತುಬಿಡುತ್ತದೆ?

ಪ್ರಶ್ನೆ: ನನ್ನ ಮಾವನವರಿಗೆ ಪಾರ್ಕಿನ್ಸನ್ ಕಾಯಿಲೆ ಎಂದು ಮಂಗಳೂರಿನಲ್ಲಿ ಹೇಳಿ ಕೆಲವು ವರ್ಷ ಆಯಿತು. ಅಂಗಳದಲ್ಲಿ ಆರಾಮವಾಗಿ ನಡೆಯುತ್ತಾರೆ. ಚಾವಡಿಯ ಹೊಸ್ತಿಲಿಗೆ ಬಂದಕೂಡಲೇ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತಾರೆ. ಬೇಕಂತಲೇ ಮಾಡುವುದು ಎಂದು ಮನೆಯಲ್ಲಿ ಕೆಲವರು ಹೇಳುತ್ತಾರೆ. ಹೌದಾ?
– ಓದುಗರೊಬ್ಬರು, ಬದಿಯಡ್ಕ

ಖಂಡಿತ ಅಲ್ಲ. ಡಾಕ್ಟರುಗಳು ಇದಕ್ಕೆ ಫ್ರೀಜಿಂಗ್ ಅನ್ನುತ್ತಾರೆ. ಹೋಗಬೇಕು ಅಂತ ಅವರಿಗೆ ಇರುತ್ತದೆ, ಪಾದ ಮಾತ್ರ ಏಳುವುದಿಲ್ಲ.

ನಡೆಯುವಾಗ ನಾವು ಒಂದೊಂದು ಹೆಜ್ಜೆಯನ್ನೂ ಯೋಚಿಸಿ ಇಡುವುದಿಲ್ಲ ಅಲ್ವಾ? ಮಿದುಳಿನ ಒಳಭಾಗ ಅದನ್ನು ತನ್ನಷ್ಟಕ್ಕೆ ನೋಡಿಕೊಳ್ಳುತ್ತದೆ. ಅದಕ್ಕೆ ಡೋಪಮೈನ್ ಎಂಬ ರಾಸಾಯನಿಕ ಬೇಕು. ಈ ಕಾಯಿಲೆಯಲ್ಲಿ ಅದನ್ನು ತಯಾರಿಸುವ ಜೀವಕೋಶಗಳೇ ಕಡಿಮೆಯಾಗುತ್ತಾ ಹೋಗುತ್ತವೆ. ಜನ ಕೈ ನಡುಕವನ್ನು ಮಾತ್ರ ಕಾಯಿಲೆ ಅಂದುಕೊಳ್ಳುತ್ತಾರೆ. ನಡುಕವೇ ಇಲ್ಲದ ರೋಗಿಗಳೂ ಇದ್ದಾರೆ.

ಬಾಗಿಲು, ಇಕ್ಕಟ್ಟು ಜಾಗ, ತಿರುಗುವುದು, ಅವಸರ: ಕಾಲು ಹೆಚ್ಚಾಗಿ ನಿಲ್ಲುವುದು ಇಲ್ಲೇ. ಅಂಗಳ ತುಂಬ ಅಡಿಕೆ ಹರಡಿದಾಗ ನಡುವೆ ಬಿಟ್ಟ ಸಪೂರ ದಾರಿಯಲ್ಲೂ ಹೀಗಾಗಬಹುದು. ಬಸ್ಸಿನಿಂದ ಇಳಿಯುವಾಗ ಕಂಡಕ್ಟರ್ "ಬೇಗ ಬೇಗ" ಅಂದಷ್ಟೂ ಕಾಲು ಇನ್ನೂ ಗಟ್ಟಿಯಾಗುತ್ತದೆ. ಮನೆಯವರು ಗದರಿದರೂ ಅಷ್ಟೇ.

ಆಗ ಕೈ ಹಿಡಿದು ಎಳೆಯಬೇಡಿ. ಮೈ ಮುಂದೆ ಬರುತ್ತದೆ, ಕಾಲು ಅಲ್ಲೇ ಉಳಿಯುತ್ತದೆ, ಬಿದ್ದೇಬಿಡುತ್ತಾರೆ. ನಿಲ್ಲಲು ಬಿಡಿ, ಒಮ್ಮೆ ಉಸಿರು ತೆಗೆದುಕೊಳ್ಳಲಿ. ಆಮೇಲೆ ಭಾರವನ್ನು ಎಡಕ್ಕೆ, ಬಲಕ್ಕೆ ಹಾಕಿ, "ಒಂದು, ಎರಡು" ಎಂದು ಎಣಿಸಿ ಹೆಜ್ಜೆ ಎತ್ತಲಿ. ಹೊಸ್ತಿಲಿನ ಎರಡೂ ಬದಿ ನೆಲಕ್ಕೆ ಬಣ್ಣದ ಟೇಪು ಅಡ್ಡಡ್ಡ ಅಂಟಿಸಿ. ಪಟ್ಟಿಯನ್ನು ದಾಟುವುದು ಎಂದು ಮನಸ್ಸಿಟ್ಟರೆ ಕಾಲು ಏಳುವುದುಂಟು, ಯಾಕೆಂದರೆ ಆಗ ಹೆಜ್ಜೆಯನ್ನು ಕಣ್ಣು ನಡೆಸುತ್ತದೆ. ಸಪಾಟು ನೆಲದಲ್ಲಿ ನಿಂತುಬಿಡುವ ಕೆಲವರು ಮೆಟ್ಟಿಲನ್ನು ಸಲೀಸಾಗಿ ಹತ್ತುವುದೂ ಇದಕ್ಕೇ. ನೋಡಿದವರಿಗೆ ನಾಟಕ ಅನಿಸಿದರೆ ಆಶ್ಚರ್ಯವಿಲ್ಲ. ತಿರುಗುವಾಗ ನಿಂತಲ್ಲೇ ತಿರುಗದೆ ದೊಡ್ಡ ಸುತ್ತು ಹಾಕಿ ತಿರುಗಲಿ. ಕಾಲೊರಸುವ ಬಟ್ಟೆಯನ್ನು ಬಾಗಿಲಿನಿಂದ ತೆಗೆದುಬಿಡಿ.

ಮಾತ್ರೆಯ ಹೊತ್ತೂ ಮುಖ್ಯ. ಮಿದುಳಿಗೆ ಹೋಗಿ ಡೋಪಮೈನ್ ಆಗುವ ಲೆವೊಡೋಪಾ ಎಂಬ ಮಾತ್ರೆ ಕೊಡುತ್ತಿದ್ದರೆ ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮೊದಲು ಕೊಡುವುದು ಒಳ್ಳೆಯದು. ಮೀನು, ಮೊಟ್ಟೆ, ಕಡಲೆ ಗಸಿಯ ಪ್ರೋಟೀನ್ ಜೊತೆಗೆ ಹೋದರೆ ಮಾತ್ರೆ ಮೈಗೆ ಹಿಡಿಯುವುದು ಕಡಿಮೆಯಾಗಬಹುದು. ಹಾಗಂತ ಮೀನು ಬಿಡಿಸಬೇಡಿ, ಹೊತ್ತು ಬದಲಿಸಿದರೆ ಸಾಕು. ಡಾಕ್ಟರನ್ನು ಕೇಳದೆ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸುವುದಂತೂ ಅಪಾಯ.

ಕಾಲು ನಿಲ್ಲುವುದು ಮಾತ್ರೆಯ ಬಲ ಇಳಿದ ಹೊತ್ತಿನಲ್ಲೇ ಜಾಸ್ತಿಯಾ ಎಂದು ಒಂದು ವಾರ ಬರೆದಿಡಿ. ಜೊತೆಗೆ ಫೋನಿನಲ್ಲಿ ವಿಡಿಯೋ ತೆಗೆದುಕೊಂಡು ಹೋಗಿ. ಡಾಕ್ಟರ ಕೋಣೆಯಲ್ಲಿ ಎಷ್ಟೋ ಮಂದಿ ಚೆನ್ನಾಗಿಯೇ ನಡೆದು ತೋರಿಸಿಬಿಡುತ್ತಾರೆ.